ಸ್ಟ್ರಾದಲ್ಲಿ ನೀರು ಎರಡು ಸೆಂಟಿಮೀಟರ್ ಏರಿದ ದಿನ

ಗಾಳಿ ಜೋರಾಗಿ ಹರಿದ ಕಡೆ ಒತ್ತಡ ಇಳಿಯುತ್ತದೆ ಅಂತ ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೆ. ಎಷ್ಟು ಇಳಿಯುತ್ತದೆ ಅಂತ ಒಮ್ಮೆಯೂ ಅಳೆದಿರಲಿಲ್ಲ. ಒಂದು ಮಧ್ಯಾಹ್ನ ಲೋಟ, ಎರಡು ಪಾರದರ್ಶಕ ಸ್ಟ್ರಾ, ಸ್ಕೇಲು ಇಟ್ಟುಕೊಂಡು ಕೂತೆ.

ನೀರಿಗೆ ಒಂದು ತೊಟ್ಟು ಶಾಯಿ ಹಾಕಿದೆ. ಒಂದು ಸ್ಟ್ರಾವನ್ನು ನೆಟ್ಟಗೆ ನಿಲ್ಲಿಸಿದೆ, ಅದರ ತುದಿ ನೀರಿಗಿಂತ ನಾಲ್ಕು ಸೆಂಟಿಮೀಟರ್ ಮೇಲೆ. ಇನ್ನೊಂದನ್ನು ಅಡ್ಡ ಹಿಡಿದು ಊದಿದೆ. ನೀರು ಏರುವುದಿರಲಿ, ಇನ್ನೂ ಕೆಳಗಿಳಿಯಿತು! ಮತ್ತೆ ಮತ್ತೆ ಊದಿ ತಲೆ ಸುತ್ತಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಬದಿಯಿಂದ ಬಗ್ಗಿ ನೋಡಿದೆ. ಊದುವ ಸ್ಟ್ರಾ ಒಂಚೂರು ಕೆಳಕ್ಕೆ ವಾಲಿತ್ತು. ಉಸಿರು, ನೆಟ್ಟಗೆ ನಿಂತಿದ್ದ ಸ್ಟ್ರಾದ ಒಳಗೇ ನುಗ್ಗಿ ನೀರನ್ನು ಒತ್ತುತ್ತಿತ್ತು.

ಅದನ್ನು ಮಟ್ಟ ಮಾಡಿದೆ. ನಿಂತ ಸ್ಟ್ರಾದ ತುದಿ ಊದುವ ಸ್ಟ್ರಾದ ಬಾಯಿಯ ಅರ್ಧಕ್ಕೆ ಬರುವ ಹಾಗೆ ಹಿಡಿದೆ. ಈ ಸಲ ನೀಲಿ ಗೆರೆ ಮೆಲ್ಲಗೆ ಹತ್ತಿತು. ಮೊದಲಿನ ಮಟ್ಟಕ್ಕೆ ಹಾಕಿದ್ದ ಪೆನ್ನಿನ ಗುರುತಿನಿಂದ ಎರಡು ಸೆಂಟಿಮೀಟರ್!

ಎರಡು ಸೆಂಟಿಮೀಟರ್ ನೀರು ಅಂದರೆ, ಒತ್ತಡ ಅಳೆಯುವ ಮಾನದಲ್ಲಿ, ಸುಮಾರು 200 ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1,01,000 ಪ್ಯಾಸ್ಕಲ್. ಅದರಲ್ಲಿ ಐನೂರನೇ ಒಂದು ಪಾಲು ಮಾತ್ರ ಇಳಿದಿತ್ತು. ತೀರಾ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಇಷ್ಟೇ ವ್ಯತ್ಯಾಸ 2 ಚದರ ಮೀಟರಿನ ಬಾಗಿಲಿನ ಎರಡು ಬದಿಗೆ ಬಿದ್ದರೆ, ಸುಮಾರು 40 ಕೆಜಿ ಭಾರ ಒರಗಿದಂತೆ. ಬಿರುಗಾಳಿ ಶೀಟಿನ ಚಾವಣಿಯನ್ನು ಮೇಲಕ್ಕೆ ಕಿತ್ತುಕೊಂಡು ಹೋಗುವುದು ಹೇಗೆ ಅನ್ನುವುದು ನನಗೆ ನಿಜವಾಗಿ ಅರ್ಥವಾದದ್ದು ಆ ಲೆಕ್ಕ ಮಾಡಿದಾಗಲೇ.

ಇನ್ನೊಂದು ಪ್ರಶ್ನೆ ಮಾತ್ರ ಬಿಡಲಿಲ್ಲ. ಬರೀ ವೇಗ ಸಾಕಾ? ಕಾಗದದ ಪಟ್ಟಿಯೊಂದನ್ನು ತುಟಿಯ ಕೆಳಗೆ ಹಿಡಿದು ಮೇಲಿನಿಂದ ಊದಿದೆ. ಬಾಗಿ ಜೋತುಬಿದ್ದಿದ್ದ ಪಟ್ಟಿ ಎದ್ದು ನಿಂತಿತು. ಅದೇ ಪಟ್ಟಿಯನ್ನು ನೇರ ನೇತುಹಾಕಿ, ಒಂದೇ ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಊದಿದೆ. ಹೆಚ್ಚುಕಡಿಮೆ ಅಲ್ಲಾಡಲೇ ಇಲ್ಲ. ಅದೇ ಉಸಿರು, ಅದೇ ವೇಗ.

ವ್ಯತ್ಯಾಸ ಇರುವುದು ಬಾಗುವಿಕೆಯಲ್ಲಿ. ಹರಿಯುವ ಗಾಳಿ ಸುಮ್ಮಸುಮ್ಮನೆ ತಿರುಗುವುದಿಲ್ಲ, ಯಾವುದಾದರೂ ಒಂದು ಬದಿಯಿಂದ ತಳ್ಳಬೇಕು. ತಿರುವಿನ ಹೊರಗೆ ಒತ್ತಡ ಜಾಸ್ತಿ, ಒಳಗೆ ಕಡಿಮೆ ಇದ್ದಾಗ ಮಾತ್ರ ಅದು ಬಾಗುತ್ತದೆ. ನನ್ನ ಸ್ಟ್ರಾದಲ್ಲೂ ಅಷ್ಟೇ. ಉಸಿರು ಅಂಚಿಗೆ ತಾಗಿ ಮೇಲಕ್ಕೆ ಬಾಗಿ ದಾಟುತ್ತದೆ, ಆ ತಿರುವಿನ ಒಳಬದಿ ಸರಿಯಾಗಿ ಸ್ಟ್ರಾದ ಬಾಯಿಯ ಮೇಲೆ ಬೀಳುತ್ತದೆ. 1738ರಲ್ಲಿ ಪುಸ್ತಕ ಪ್ರಕಟಿಸಿದ ಡೇನಿಯಲ್ ಬರ್ನೂಲಿಯ ಹೆಸರಿನ ನಿಯಮ, ಅಂದರೆ ವೇಗ ಹೆಚ್ಚಿದ ಕಡೆ ಒತ್ತಡ ಇಳಿಯುತ್ತದೆ ಅನ್ನುವುದು, ಒಂದೇ ಹರಿವಿನ ಎರಡು ಜಾಗಗಳನ್ನು ಹೋಲಿಸುತ್ತದೆ. ನನ್ನ ಉಸಿರನ್ನೂ ಹಾಳೆಯ ಆಚೆ ನಿಂತ ಗಾಳಿಯನ್ನೂ ಅದಕ್ಕೆ ಸೇರಿಸಿ ನಾನು ತಪ್ಪಾಗಿ ಕಲಿಸುತ್ತಿದ್ದೆ. ಈಗ ಮಕ್ಕಳ ಕೈಗೆ ಮೊದಲು ಕೊಡುವುದು ನೇರ ನೇತಾಡುವ ಹಾಳೆಯನ್ನೇ.

ಕೊನೆಗೆ ನಿಂತ ಸ್ಟ್ರಾದ ತುದಿ ನೀರಿಗಿಂತ ಒಂದೂವರೆ ಸೆಂಟಿಮೀಟರ್ ಮಾತ್ರ ಮೇಲಿರುವ ಹಾಗೆ ಕತ್ತರಿಸಿ ಊದಿದೆ. ನೀರು ತುದಿ ಮುಟ್ಟಿತು, ಉಸಿರಿಗೆ ಸಿಕ್ಕಿ ಚೂರುಚೂರಾಗಿ, ಎದುರಿನ ಬಿಳಿ ಹಾಳೆಯ ತುಂಬ ನೀಲಿ ತುಂತುರು ಬಿತ್ತು.