ಪ್ರಸ್ತಾರಕ್ಕೆ ಮೊದಲು ಚಪ್ಪಾಳೆ

ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಕನ್ನಡ ಹೇಳಿಕೊಡುತ್ತೇನೆ. ಛಂದಸ್ಸು ಅಂದ ಕೂಡಲೇ ಪ್ರಸ್ತಾರ ಹಾಕಲು, ಅಂದರೆ ಅಕ್ಷರಗಳ ಮೇಲೆ ಲಘು-ಗುರು ಗುರುತು ಹಾಕಲು, ಅವರು ಪೆನ್ಸಿಲ್ ಹಿಡಿಯುತ್ತಾರೆ, ನಾನು ಇಸಿದುಕೊಳ್ಳುತ್ತೇನೆ. ಮೊದಲು ಬಾಯಿಬಿಟ್ಟು ಓದಿ. ಕುಮಾರವ್ಯಾಸ ಭಾರತದ ಮೊದಲ ಪದ್ಯವೇ ಸಾಕು, ಅದರ ಮೊದಲ ಮೂರು ಸಾಲು ಇವು:

ಶ್ರೀವನಿತೆಯರಸನೆ ವಿಮಲರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

‘ತಕಿಟ ತಕಧಿಮಿ’ ಎಂದು ಚಪ್ಪಾಳೆ ತಟ್ಟುತ್ತಾ ಓದಿ. ಮೂರು, ನಾಲ್ಕು, ಮೂರು, ನಾಲ್ಕು. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ನಡೆ ಇದೇ.

ಈಗ ಪೆನ್ಸಿಲ್. ಮಾತ್ರೆ ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ, ಐ, ಔ, ಅನುಸ್ವಾರ ಅಥವಾ ವಿಸರ್ಗ ಇರುವ ಅಕ್ಷರ, ‘ಕಲ್’ನಂತೆ ವ್ಯಂಜನದಲ್ಲಿ ನಿಲ್ಲುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ. ಅಂಕ ಹೋಗುವುದು ಕೊನೆಯದರಲ್ಲಿ. ‘ಸಜ್ಜನ’ದಲ್ಲಿ ಗುರು ಆಗುವುದು ‘ಸ’, ‘ಜ್ಜ’ ಲಘುವೇ. ‘ಶ್ರೀ’ ಗುರುವಾದದ್ದು ದೀರ್ಘದಿಂದ, ಒತ್ತಿನಿಂದಲ್ಲ.

ಗಣ, ಅಂದರೆ ಮಾತ್ರೆಗಳ ಗುಂಪು, ಬಿಡಿಸುವಾಗ ಪದದ ಮೇಲೆ ಕರುಣೆ ಬೇಡ. ಶ್ರೀವ | ನಿತೆಯರ | ಸನೆವಿ | ಮಲರಾ. ‘ವನಿತೆ’ ತುಂಡಾಯಿತು, ‘ರಾಜೀವ’ವಂತೂ ಸಾಲು ದಾಟಿ ಮುರಿಯಿತು. ಆಗಲಿ. ಅರ್ಥ ನೋಡಿ ಗೆರೆ ಎಳೆದವರ ಲೆಕ್ಕ ಎರಡನೇ ಗಣಕ್ಕೇ ತಪ್ಪುತ್ತದೆ.

1, 2, 4, 5ನೇ ಸಾಲುಗಳಲ್ಲಿ ತಲಾ 14 ಮಾತ್ರೆ. 3 ಮತ್ತು 6ರಲ್ಲಿ 3-4ರ ಜೋಡಿ ಮೂರು ಸಲ, ಮೇಲೊಂದು ಗುರು, ಅಂದರೆ 23. ‘ದಾತಾರ’ದ ‘ರ’ ಹ್ರಸ್ವವಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಖುಷಿ: ಸಾಲಿನ ಕೊನೆಯ ಆ ಲಘುವನ್ನು ಗುರುವೆಂದೇ ಎಣಿಸಬೇಕು. ಇಡೀ ಪದ್ಯಕ್ಕೆ 102 ಬಂದರೆ ಸರಿ.

ನಾಲ್ಕನೇ ಸಾಲು ‘ರಾವಣಾಸುರ ಮಥನ ಶ್ರವಣ ಸು’ ಎಂದಿದೆ. ‘ಶ್ರ’ದಿಂದಾಗಿ ‘ಮಥನ’ದ ‘ನ’ ಗುರು ಆಗಬೇಕಿತ್ತು. ಗಣದಲ್ಲಿ ಮೂರೇ ಮಾತ್ರೆಗೆ ಜಾಗ, ಹಾಗಾಗಿ ‘ಶ್ರ’ವನ್ನು ಒತ್ತದೆ ತೇಲಿಸಿ ಓದಿ, ‘ನ’ವನ್ನು ಲಘುವಾಗಿಯೇ ಬಿಡಿ. ಕಣ್ಣಿಗಿಂತ ಕಿವಿಯನ್ನು ನಾನು ನಂಬುವುದು ಇಂಥ ಕಡೆಗಳಿಗಾಗಿಯೇ.

ಪ್ರಾಸವನ್ನು ಸಾಲಿನ ಕೊನೆಯಲ್ಲಿ ಹುಡುಕಬೇಡಿ. ಶ್ರೀವ, ಜೀವ, ಪಾವ, ರಾವ: ಎರಡನೇ ಅಕ್ಷರದ ವ್ಯಂಜನ ಎಲ್ಲ ಸಾಲುಗಳಲ್ಲೂ ‘ವ್’. ಇದು ಆದಿಪ್ರಾಸ.

ಇಷ್ಟು ಕೈಗೆ ಹತ್ತಿದ ಮೇಲೆ ಲಕ್ಷ್ಮೀಶನ ಜೈಮಿನಿ ಭಾರತ ತೆಗೆಯಿರಿ. ಅದು ವಾರ್ಧಕ ಷಟ್ಪದಿ, ಗಣಕ್ಕೆ ಐದು ಮಾತ್ರೆ, ಚಪ್ಪಾಳೆ ‘ತಕತಕಿಟ’.