ಚೇಳಿನ ರಾಶಿಯನ್ನು ಓದುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ವೃಶ್ಚಿಕ ರಾಶಿ, ಜ್ಯೇಷ್ಠಾ ನಕ್ಷತ್ರ, ಅದರ ನಾಲ್ಕು ಭಾಗಗಳಲ್ಲಿ ಎರಡನೆಯ ಪಾದ. ಜಾತಕ ನೋಡುವುದನ್ನು ಅಪ್ಪನಿಂದ ಕಲಿತೆ. ಈಗ ನೆರೆಹೊರೆಯವರು ಮಕ್ಕಳ ಜಾತಕ ಹಿಡಿದು ಬರುತ್ತಾರೆ. ವೃಶ್ಚಿಕ ಎಂದೊಡನೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಂಥವರಿಗೆ ನಾನು ಹೇಳಿಕೊಡುವ ಕ್ರಮ ಇದು.

ರಾಶಿ ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ. ನವೆಂಬರ್ 5ರಂದು ಹುಟ್ಟಿದ ಹುಡುಗ ಇಂಗ್ಲಿಷ್ ಪತ್ರಿಕೆ ನೋಡಿ ತಾನು ವೃಶ್ಚಿಕ ಎನ್ನುತ್ತಾನೆ. ಅದು ಸಾಯನ ಸೂರ್ಯನ ಲೆಕ್ಕ, ಅಂದರೆ ವಿಷುವದಿಂದ ರಾಶಿ ಎಣಿಸುವುದು. ನಕ್ಷತ್ರಗಳಿಂದ ಎಣಿಸುವ ನಮ್ಮ ನಿರಯನ ಲೆಕ್ಕದಲ್ಲಿ ಸುಮಾರು 24 ಅಂಶ ಅಯನಾಂಶ (ಎರಡು ಲೆಕ್ಕಗಳ ನಡುವಿನ ಅಂತರ) ಕಳೆಯುವುದರಿಂದ ಸೂರ್ಯ ವೃಶ್ಚಿಕಕ್ಕೆ ಬರುವುದೇ ನವೆಂಬರ್ 16ರ ಸುಮಾರಿಗೆ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ರಾಶಿ ಎಂದರೆ ಹುಟ್ಟಿದಾಗ ಚಂದ್ರನಿದ್ದ ರಾಶಿ. ಕುಂಡಲಿಯ ಮೇಲಿನ ಎಡಮೂಲೆಯ ಮನೆ ಮೀನ. ಅಲ್ಲಿಂದ ಪ್ರದಕ್ಷಿಣೆಯಾಗಿ ಮೇಷ, ವೃಷಭ ಎಂದು ಎಣಿಸುತ್ತ ಬಂದರೆ ಕೆಳಸಾಲಿನಲ್ಲಿ ಎಡದಿಂದ ಎರಡನೆಯ ಮನೆ ವೃಶ್ಚಿಕ. ಅಲ್ಲಿ ‘ಚಂ’ ಎಂದು ಬರೆದಿದ್ದರೆ ನೀವು ನಮ್ಮವರು. ‘ಲ’ ಎಂದಿದ್ದರೆ ಅದು ಲಗ್ನ, ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ; ಆ ಮಾತು ಬೇರೆ.

ಇನ್ನು ಸ್ವಭಾವ. ಅಧಿಪತಿ ಕುಜ (ಮಂಗಳ), ತತ್ತ್ವ ಜಲ, ಗುಣ ಸ್ಥಿರ. ಬೆಂಕಿಯ ಗ್ರಹಕ್ಕೆ ನೀರಿನ ಮನೆ. ಈ ರಾಶಿಯ ಮರ್ಮವೆಲ್ಲ ಇಲ್ಲಿದೆ. ಜಲರಾಶಿಗಳು ಮೂರು. ಕರ್ಕಾಟಕ ಚರ, ಹರಿಯುವ ಹೊಳೆ. ಮೀನ ದ್ವಿಸ್ವಭಾವ, ಉಬ್ಬರವಿಳಿತದ ಕಡಲು. ವೃಶ್ಚಿಕವನ್ನು ಅಪ್ಪ ಬಾವಿ ಎನ್ನುತ್ತಿದ್ದರು: ಮೇಲೆ ಅಲುಗದು, ಆಳ ತಿಳಿಯದು, ಬಿದ್ದದ್ದು ಮೇಲೆ ಬಾರದು. ನನ್ನನ್ನೇ ನೋಡಿ. 1987ರಲ್ಲಿ ನಾದಿನಿಯ ಮದುವೆಯಲ್ಲಿ ನನ್ನ ಎಲೆಗೆ ಹೋಳಿಗೆ ಹಾಕದೆ ಮುಂದೆ ಹೋದವರು ಯಾರು, ಅವರು ಯಾವ ಸೀರೆ ಉಟ್ಟಿದ್ದರು ಎಂಬುದು ಇಂದಿಗೂ ನೆನಪಿದೆ. ಅದೇ ಮನೆಯ ಮುದುಕಿ ಆಸ್ಪತ್ರೆ ಸೇರಿದಾಗ ಹನ್ನೊಂದು ದಿನ ಗಂಜಿ ಒಯ್ದವಳೂ ನಾನೇ. ಹಟ, ಗುಟ್ಟು, ಹಗೆ ಎಂದು ಪುಸ್ತಕಗಳು ಪಟ್ಟಿ ಕೊಡುತ್ತವೆ. ಗಂಜಿಯ ಸುದ್ದಿಯನ್ನು ಬರೆಯುವುದಿಲ್ಲ.

ರಾಶಿ ನೋಡಿ ಅಲ್ಲಿಗೇ ಜಾತಕ ಮುಚ್ಚಬೇಡಿ, ನಕ್ಷತ್ರ ಪಾದಕ್ಕೆ ಇಳಿಯಿರಿ. ವಿಶಾಖಾ ನಾಲ್ಕನೆಯ ಪಾದ, ಅನೂರಾಧಾ ನಾಲ್ಕು, ಜ್ಯೇಷ್ಠಾ ನಾಲ್ಕು, ಒಟ್ಟು ಒಂಬತ್ತು. ವಿಶಾಖಾಕ್ಕೆ ಗುರು ಅಧಿಪತಿ, ಗುರಿ ಬಿಡದ ಜನ. ಅನೂರಾಧಾಕ್ಕೆ ಶನಿ, ದೇವತೆ ಮಿತ್ರ. ಸ್ನೇಹಕ್ಕೆ ಬಾಳುವವರು, ಚೇಳಿನ ಹೆಸರು ಇವರಿಗೆ ಒಪ್ಪುವುದೇ ಇಲ್ಲ. ಜ್ಯೇಷ್ಠಾಕ್ಕೆ ಬುಧ, ದೇವತೆ ಇಂದ್ರ. ಯಜಮಾನಿಕೆ ಬೇಕು, ನಾಲಿಗೆ ಚುರುಕು.

‘ಚಂದ್ರ ನೀಚನಂತೆ’ ಎಂದು ಹೆದರಿಸುವವರು ಸಿಗುತ್ತಾರೆ. ನೀಚನೇ, ಅಂದರೆ ಈ ರಾಶಿಯಲ್ಲಿ ಅವನಿಗೆ ಬಲ ಕಡಿಮೆ, ನಿಜ. ಆದರೆ ಪರಮ ನೀಚ 3ನೆಯ ಅಂಶದಲ್ಲಿ. ಅದು ವಿಶಾಖಾ ಪಾದದೊಳಗೇ ಮುಗಿಯುತ್ತದೆ. ತಿಥಿಯನ್ನೂ ನೋಡಿ. ಕಾರ ಹುಣ್ಣಿಮೆಯ ಆಸುಪಾಸಿನಲ್ಲಿ ಹುಟ್ಟಿದವರ ಚಂದ್ರನಿಗೆ ಪಕ್ಷಬಲ, ಅಂದರೆ ತುಂಬುಚಂದ್ರನ ಬಲ, ಇರುತ್ತದೆ; ಕಾರ್ತಿಕ ಬಹುಳ ಅಮಾವಾಸ್ಯೆಯ ಚಂದ್ರನಿಗೆ ಅದಿಲ್ಲ. ಕುಜ ಲಗ್ನದಿಂದಲೋ ಚಂದ್ರನಿಂದಲೋ ಕೇಂದ್ರದಲ್ಲಿ, ಅಂದರೆ 1, 4, 7, 10ನೆಯ ಮನೆಯಲ್ಲಿ ಇದ್ದರೆ ನೀಚಭಂಗ, ನೀಚತ್ವ ಕಳೆಯುತ್ತದೆ. ಇಷ್ಟನ್ನು ನೋಡದೆ ಮಗುವಿನ ಮನಸ್ಸು ದುರ್ಬಲ ಎಂದು ಹೇಳುವವರಿಗೆ ದಕ್ಷಿಣೆ ಕೊಡಬೇಡಿ.

ಕೊನೆಗೆ ಮದುವೆಯ ತಕರಾರು. ಜ್ಯೇಷ್ಠಾ ನಕ್ಷತ್ರದ ಸೊಸೆ ಬಂದರೆ ಗಂಡನ ಅಣ್ಣನಿಗೆ ಕೇಡು ಎಂಬ ಮಾತಿದೆ. ಇದೊಂದೇ ಕಾರಣಕ್ಕೆ ಒಂದು ಮನೆಯವರು ನನ್ನ ಜಾತಕವನ್ನು ಅಂಚೆಯಲ್ಲೇ ಹಿಂದಿರುಗಿಸಿದರು. ಮಗ ನನ್ನ ಜಾಣ್ಮೆಗೆ ಒಪ್ಪಿದ್ದನೋ ಏನೋ, ಕೇಳುವ ಅವಕಾಶವೇ ಬರಲಿಲ್ಲ. ಎರಡನೆಯ ಮನೆಯ ಮಾವನವರು ಲಗ್ನ, ಸಪ್ತಮ (ಮದುವೆಯ ಏಳನೆಯ ಮನೆ), ಎರಡೂ ಕಡೆಯ ದಶೆ (ಗ್ರಹಗಳ ಕಾಲಾವಧಿ) ನೋಡಿ, ‘ಒಂದು ನಕ್ಷತ್ರ ಹಿಡಿದುಕೊಂಡು ಹೆಣ್ಣು ಬಿಡುವುದೇ?’ ಎಂದರು. ನೀವೂ ಅದೇ ಕ್ರಮದಲ್ಲಿ ನೋಡಿ. ನಮ್ಮ ಭಾವನವರಿಗೆ ಈಗ 83. ಬೆಳಿಗ್ಗೆ ಆರಕ್ಕೆ ಕಾಫಿ ತಡವಾದರೆ ಕೇಡು ನನಗೇ.

ಇಷ್ಟಾದ ಮೇಲೂ ಅನುಮಾನವಿದ್ದರೆ ಜೂನ್ ತಿಂಗಳಲ್ಲಿ ಮೋಡವಿಲ್ಲದ ರಾತ್ರಿ ಒಂಬತ್ತಕ್ಕೆ ತಾರಸಿ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೊಂಡಿ ಬಾಗಿಸಿದ ಚೇಳು ಕಾಣುತ್ತದೆ. ಅದರ ಎದೆಯಲ್ಲಿ ಕೆಂಪಗೆ ಮಿನುಗುವುದೇ ಜ್ಯೇಷ್ಠಾ, ಕುಜನ ಬಣ್ಣವೇ.