ಹಳೆಯ ಕ್ಯೂಎಸ್‌ಎಲ್ ಕಾರ್ಡುಗಳಿಂದ ವಿದೇಶಿ ಪ್ರಸಾರದ ಇತಿಹಾಸವನ್ನು ದಾಖಲಿಸುವ ಕ್ರಮ

ದಾವಣಗೆರೆಯ ಹಳೆಯ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿ ರೇಡಿಯೊ ಕೇಂದ್ರಗಳ ಕ್ಯೂಎಸ್‌ಎಲ್ ಕಾರ್ಡುಗಳು ಸಿಕ್ಕರೆ, ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಬರಹವನ್ನು ಮೊದಲು ಓದಬೇಕು. ಪ್ರಸಾರ ಕೇಳಿದ ಬಗ್ಗೆ ಕೇಳುಗರು ಕಳುಹಿಸಿದ ವರದಿ ಸರಿಯಿದೆಯೆಂದು ಕೇಂದ್ರವು ದೃಢಪಡಿಸುವ ಈ ಕಾರ್ಡಿನಲ್ಲಿ ಸಾಮಾನ್ಯವಾಗಿ ದಿನಾಂಕ, ವೇಳೆ ಮತ್ತು ಕಂಪನಾಂಕ ಇರುತ್ತವೆ. ಕೆಲವದರಲ್ಲಿ ಟ್ರಾನ್ಸ್‌ಮಿಟರ್ ಇದ್ದ ಊರು, ಅದರ ಕಿಲೋವ್ಯಾಟ್ ಶಕ್ತಿಯೂ ಇರುತ್ತವೆ. ಎರಡೂ ಬದಿಯ ಫೋಟೊ ತೆಗೆದಿಡಿ. ಲ್ಯಾಮಿನೇಷನ್ ಬೇಡ.

ವೇಳೆಯನ್ನು ಸಾಮಾನ್ಯವಾಗಿ ಯುಟಿಸಿ ಅಥವಾ ಜಿಎಂಟಿ ಎಂಬ ಅಂತರರಾಷ್ಟ್ರೀಯ ವೇಳೆಯಲ್ಲಿ ನಮೂದಿಸಿರುತ್ತಾರೆ. ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿದರೆ ನಮ್ಮ ವೇಳೆ ಬರುತ್ತದೆ. 14ನೆಯ ತಾರೀಖಿನ 1900 ಗಂಟೆ (ಸಂಜೆ 7) ಎಂದರೆ ನಮಗೆ 15ರ ನಡುರಾತ್ರಿ ದಾಟಿದ 12.30. ಕಾರ್ಡಿನಲ್ಲಿ ಕಂಪನಾಂಕದ ಬದಲು ತರಂಗದ ಉದ್ದ ಮೀಟರ್ ಲೆಕ್ಕದಲ್ಲಿ ಮಾತ್ರ ಇದ್ದರೆ 300ನ್ನು ಅದರಿಂದ ಭಾಗಿಸಿ. ಬರುವ ಸಂಖ್ಯೆ ಸುಮಾರಾಗಿ ಮೆಗಾಹರ್ಟ್ಸ್ ಲೆಕ್ಕದ ಕಂಪನಾಂಕ.

ಕೇಂದ್ರದ ಹೆಸರಿನ ಪ್ರಕಾರ ಕಾರ್ಡುಗಳನ್ನು ವಿಂಗಡಿಸುವುದು ಸುಲಭವಾದರೂ, ಪ್ರಸಾರದ ಭಾಷೆ, ಅದು ಉದ್ದೇಶಿಸಿದ ದೇಶ ಮತ್ತು ಟ್ರಾನ್ಸ್‌ಮಿಟರ್‌ನ ಊರು, ಈ ಮೂರನ್ನೇ ಮುಖ್ಯ ಅಂಕಣಗಳಾಗಿ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಆಕಾಶವಾಣಿಯ ವಿದೇಶಿ ಪ್ರಸಾರವು ಎರಡನೆಯ ಮಹಾಯುದ್ಧ ಶುರುವಾಗಿ ಒಂದು ತಿಂಗಳಿಗೆ, 1939ರ ಅಕ್ಟೋಬರ್ 1ರಂದು, ಪಶ್ತೋ ಭಾಷೆಯಲ್ಲಿ ಆರಂಭವಾಯಿತು. ಅಫ್ಘಾನಿಸ್ತಾನದ ಕಡೆ ಹರಡುತ್ತಿದ್ದ ಜರ್ಮನ್ ಪ್ರಚಾರಕ್ಕೆ ಉತ್ತರ ಕೊಡುವುದು ಅದರ ಉದ್ದೇಶವಾಗಿತ್ತು. ಇಂಥ ಸೇವೆಯ ಭಾಷೆಗಳ ಪಟ್ಟಿಯನ್ನು ವರ್ಷವಾರು ಜೋಡಿಸಿದರೆ ಸರ್ಕಾರದ ಗಮನ ಯಾವ ಕಾಲಕ್ಕೆ ಯಾವ ದಿಕ್ಕಿಗಿತ್ತೆಂಬುದು ಕಾಣುತ್ತದೆ. ಊರಿನ ಅಂಕಣವೂ ಅಷ್ಟೇ ಮುಖ್ಯ: ಜರ್ಮನಿಯ ರೇಡಿಯೊ ಕೇಂದ್ರ ಡಾಯ್ಚ ವೆಲೆ ಶ್ರೀಲಂಕಾದ ತ್ರಿಂಕೋಮಲಿಯಿಂದಲೂ ಪ್ರಸಾರವಾಗುತ್ತಿತ್ತು, ದೆಹಲಿಯ ಸ್ಟುಡಿಯೊದಲ್ಲಿ ಓದಿದ ವಾರ್ತೆ ಬೆಂಗಳೂರಿನ 500 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್‌ಗಳಿಂದ ಹೊರದೇಶಕ್ಕೆ ಹೋಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆಂಗಳೂರು ದಾವಣಗೆರೆಗೆ ಸುಮಾರು 260 ಕಿಲೋಮೀಟರ್ ಮಾತ್ರ ದೂರವಿದ್ದರೂ ಅಲ್ಲಿಂದ ದೂರದೇಶಕ್ಕೆ ಬಿಟ್ಟ ಶಾರ್ಟ್‌ವೇವ್ ಪ್ರಸಾರ ಇಲ್ಲಿ ಸ್ಪಷ್ಟವಾಗಿ ಕೇಳಲೇಬೇಕೆಂದಿಲ್ಲ, ಏಕೆಂದರೆ ಕಡಿಮೆ ಕೋನದಲ್ಲಿ ಮೇಲೇರಿದ ತರಂಗ ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ಬಾಗಿ, ನಮ್ಮನ್ನು ದಾಟಿಕೊಂಡು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಆದ್ದರಿಂದ ಇಲ್ಲಿಯ ಕೇಳುಗರು ಪ್ರಸಾರ ಎಷ್ಟು ಚೆನ್ನಾಗಿ ಕೇಳಿಸಿತೆಂದು ಅಂಕಗಳಲ್ಲಿ ಹೇಳುವ 'ಸಿನ್ಪೊ' ಸಂಕೇತದಲ್ಲಿ ಕೊಟ್ಟ ಕಡಿಮೆ ಅಂಕವನ್ನು (ಅದರಲ್ಲಿ 5 ಎಂದರೆ ಅತ್ಯುತ್ತಮ) ಆ ಸೇವೆಯ ದೌರ್ಬಲ್ಯವೆಂದು ಬರೆಯಬಾರದು.

ಕಾರ್ಡಿನ ಒಡೆಯರು ಇದ್ದರೆ ಅವರನ್ನು ಮಾತಾಡಿಸಿ. ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇಸವಿ ನೆನಪಿಲ್ಲದಿದ್ದರೂ ರೇಡಿಯೊ ಕೇಳುತ್ತಿದ್ದದ್ದು ಯಾವ ಪಾಳಿ ಮುಗಿಸಿ ಬಂದ ಮೇಲೆ ಎಂಬುದು ನೆನಪಿರಬಹುದು, ಅದರಿಂದ ವೇಳೆಯನ್ನು ತಾಳೆ ನೋಡಬಹುದು. ಅವರ ಮಾತಿಗೂ ಕಾರ್ಡಿಗೂ ವ್ಯತ್ಯಾಸ ಬಂದರೆ ಒಂದನ್ನು ತಿದ್ದದೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿಡಿ. ಕೇಳುಗರು ತಪ್ಪಾಗಿ ಬರೆದ ಕಂಪನಾಂಕವನ್ನು ಕೇಂದ್ರದವರು ಹಾಗೆಯೇ ನಕಲು ಮಾಡಿ ಕಳುಹಿಸಿರುವ ಸಾಧ್ಯತೆಯೂ ಇದೆ.